ಆಯುಧಪೂಜೆ ಆದಮೇಲೆ

ಬಣ್ಣದ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಬೆಂಕಿ ಹತ್ತುವ ಅನಿಲ ಸೋರಿದರೆ ಕಿರುಚುವ ಯಂತ್ರವನ್ನು ಗೋಡೆಗೆ ಹಾಕಿದಂದಿನಿಂದ ನನ್ನ ತಲೆ ಕೆಟ್ಟುಹೋಗಿತ್ತು. ದಿನಕ್ಕೆ ನಾಲ್ಕು ಸಲ ಕೆಲಸ ಬಿಟ್ಟು ಎಲ್ಲರೂ ಹೊರಗೋಡಬೇಕು!

ಆಯುಧಪೂಜೆಯ ದಿನ ಅದರ ಮುಖದ ತುಂಬ ಗಂಧ ಮೆತ್ತಿ, "ಸುಮ್ಮನಿರು ತಾಯಿ, ಶುಕ್ರವಾರ ಶುಕ್ರವಾರ ಊದುಬತ್ತಿ ಹಚ್ತೀನಿ" ಎಂದು ಹರಕೆ ಹೊತ್ತೆ. ಆಮೇಲೆ ಅದು ತುಟಿಪಿಟಕ್ಕೆನ್ನಲಿಲ್ಲ.

ಮೊದಲ ಶುಕ್ರವಾರವೇ, ಅದನ್ನು ಹಾಕಿಸಿದ್ದ ಇಂಜಿನಿಯರಮ್ಮ ಓಡಿಬಂದು ಅದಕ್ಕೆ ಕೈ ಹಾಕಿದರು.

"ಸುಮ್ಮನಿದೆಯಲ್ಲ, ಮತ್ಯಾಕೆ ಕೆಣಕ್ತೀರಿ?" ರೇಗಿದೆ.

"ಅದಕ್ಕೇ ಬಂದೆ. ಗಾಳಿಯಲ್ಲಿ ಅನಿಲ ಎಷ್ಟಿದೆ ಅಂತ ಹಬ್ಬದಿಂದ ನನ್ನ ಮೊಬೈಲಿಗೆ ಬರೀ ಸೊನ್ನೆ ಕಳಿಸ್ತಿದೆ. ಯಾವಾಗಲೂ ಥಿನ್ನರ್ ವಾಸನೆ ಹೊಡೆಯೋ ಬಣ್ಣದ ಕಾರ್ಖಾನೆಯಲ್ಲಿ ಸೊನ್ನೆನಾ?"

ಹೇರ್‌ಪಿನ್ನಿನಿಂದ ಯಂತ್ರದ ತೂತುಗಳಲ್ಲಿ ಒಣಗಿದ್ದ ಗಂಧ ಕೆರೆದರು.

ಅದು ಕಿರುಚಿತು.

ಊದುಬತ್ತಿಗೆಂದು ತೆಗೆದ ಬೆಂಕಿಕಡ್ಡಿ ನನ್ನ ಕೈಯಲ್ಲಿತ್ತು.