ಜಾಕಪ್ಪನಿಗೆ ನಾನು ಹೇಳಿದ ತಪ್ಪು ದಾರಿ

ಮೂಕಿ ಚಿತ್ರದವರಿಗೆ ಮಾತು ಬರುವುದಿಲ್ಲ, ಆದರೆ ನಮ್ಮ ಮಾತು ಅವರಿಗೆ ಕೇಳಿಸುತ್ತದೆ. ಅದಕ್ಕೇ ಗದಗಿನ ನಮ್ಮ ಸಿನಿಮಾ ಡೇರೆಯಲ್ಲಿ, ತೆರೆಯ ಪಕ್ಕ ನಿಂತು ಅವರಿಗೆ ದಾರಿ ಹೇಳಲು ನನ್ನನ್ನು ಇಟ್ಟುಕೊಂಡಿದ್ದರು.

ಅಮೆರಿಕದ ಒಬ್ಬ ಕುದುರೆ ಕಳ್ಳನಿಗೆ ನಾವು ಜಾಕಪ್ಪ ಎಂದು ಹೆಸರಿಟ್ಟಿದ್ದೆವು. ಪೊಲೀಸರಿಂದ ತಪ್ಪಿಸಿಕೊಂಡು ಓಡುವಾಗ ಅವನಿಗೆ ಉರಿಯುವ ಮನೆ ಕಾಣುತ್ತದೆ, ಒಳಗೊಂದು ಕೂಸು. "ತಿರುಗು" ಎನ್ನುವುದು ನನ್ನ ಕೆಲಸ. ಅವನು ತಿರುಗಿ, ಕೂಸನ್ನು ಉಳಿಸಿ, ಸಿಕ್ಕಿಬೀಳುತ್ತಿದ್ದ. ದಿನಕ್ಕೆ ಎರಡು ಆಟ, ಎರಡು ಸಲ ಕೈಗೆ ಬೇಡಿ.

ಒಂದು ದಿನ ನನಗೆ ಕನಿಕರ ಬಂತು. "ಇವತ್ತೊಂದಿನ ಪಾರಾಗಿ ಹೋಗೋ ತಮ್ಮಾ" ಎಂದುಬಿಟ್ಟೆ. ಅವನು ಬೆರಗಾಗಿ ನನ್ನನ್ನು ನೋಡಿ, ಗುಡ್ಡದ ಕಡೆ ಕುದುರೆ ಬಿಟ್ಟ. ಮನೆಯ ಬಾಗಿಲಿಗೂ ಬೆಂಕಿ ಹತ್ತಿತು. ತೆರೆಯ ಮೇಲೆ ಸತ್ತವರು ಮುಂದಿನ ಆಟಕ್ಕೆ ಬರುವುದಿಲ್ಲ. ಅದು ನನಗೆ ನೆನಪಾಗುವಷ್ಟರಲ್ಲಿ ಕುದುರೆ ಗುಡ್ಡ ಏರುತ್ತಿತ್ತು.

ಮಿರ್ಚಿ ಮಾರುವ ಫಕೀರವ್ವ ಎದ್ದು ನಿಂತಳು. "ಏ ಜಾಕಪ್ಪಾ! ಆ ಹುಚ್ಚನ ಮಾತೇನ್ ಕೇಳ್ತೀ? ಒಳಗ ಕೂಸು ಐತೋ! ತಿರುಗೋ ನನ್ನಪ್ಪಾ!"

ಗುಡ್ಡದ ತುದಿಯಲ್ಲಿ ಕುದುರೆ ತಿರುಗಿತು. ಅವನು ಕಂಬಳಿ ಹೊದ್ದು ಒಳಗೆ ನುಗ್ಗಿ, ಕೆಮ್ಮುತ್ತಿದ್ದ ಕೂಸನ್ನು ಎತ್ತಿಕೊಂಡು ಬಂದ. ಡೇರೆಯವರೆಲ್ಲ ಒಟ್ಟಿಗೇ ಉಸಿರು ಬಿಟ್ಟರು.

ಪೊಲೀಸರು ಬೇಡಿ ಹಾಕಿದ ಮೇಲೆ ನಾನು ತೆರೆಯ ಹತ್ತಿರ ಹೋಗಿ, "ತಪ್ಪಾತೋ ತಮ್ಮಾ" ಎಂದೆ. ಜಾಕಪ್ಪ ಬೇಡಿ ಬಿದ್ದ ಕೈಗಳಿಂದಲೇ ಟೊಪ್ಪಿಗೆ ಎತ್ತಿ, ಮೊದಲು ಫಕೀರವ್ವನಿಗೆ, ಆಮೇಲೆ ನನಗೂ ತಲೆಬಾಗಿದ.

ಅವರಿಬ್ಬರ ದೆಸೆಯಿಂದ ಆ ಕೂಸಿನ ಸಾವು ನನ್ನ ಹೆಗಲೇರಲಿಲ್ಲ. ಇಂದಿಗೂ ಊಟಕ್ಕೆ ಕೂತಾಗ ಮೊದಲು ಅವರನ್ನು ನೆನೆಯುತ್ತೇನೆ.