ಅಮ್ಮನ ರೇಡಿಯೋದ ವಾಲ್ವು

ಹೆಂಡತಿ ಮೇಜಿನ ಹತ್ತಿರ ಬಂದಳೋ ಇಲ್ಲವೋ, ಅಷ್ಟು ಹೊತ್ತು ಜೇನುಹುಳದ ಹಾಗೆ ಗುಂಯ್‌ಗುಡುತ್ತಿದ್ದ ಯಂತ್ರ ಕೀಂಯ್ ಎಂದು ಚೀರಿತು. ಹಿಂದೆ ಸರಿದೊಡನೆ ತೆಪ್ಪಗಾಯಿತು.

"ಬಲ್ಬಿನ ಥರ ಇರೋ ಈ ಗಾಜಿನ ವಾಲ್ವು ಎಲ್ಲಿಂದ ಕಿತ್ರಿ?" ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಕರೆಂಟಿನಿಂದ ಸಂಗೀತದ ಸ್ವರ ಹೊರಡಿಸುವ ಸಿಂಥಸೈಜರ್ ಯಂತ್ರವನ್ನು ಮನೆಯಲ್ಲೇ ಕಟ್ಟುವ ಹುಚ್ಚು ಹತ್ತಿದ್ದ ಗಂಡ ತಲೆ ಕೆರೆದುಕೊಂಡ. "ಅಮ್ಮನ ಹಳೇ ರೇಡಿಯೋದಿಂದ."

"ಅದಕ್ಕೇ! ನನ್ನ ಕಂಡ್ರೆ ಇದಕ್ಕೂ ಆಗಲ್ಲ."

"ಅಯ್ಯೋ, ಯಾರು ಹತ್ತಿರ ಬಂದ್ರೂ ಇದರ ಸ್ವರ ಏರುತ್ತೆ ಕಣೇ. ಮೇಲೊಂದು ಸ್ಟೀಲ್ ಡಬ್ಬಿ ಕವುಚಿದ್ರೆ ಸುಮ್ಮನಾಗುತ್ತೆ." ಅವನು ಡಬ್ಬಿ ಎತ್ತಿಕೊಳ್ಳುವಷ್ಟರಲ್ಲಿ ಅಮ್ಮ ಒಳಕೋಣೆಯಿಂದ ದುಮುದುಮು ಎನ್ನುತ್ತಾ ಬಂದರು. "ಯಾರೋ ಅದು, ನನ್ನ ರೇಡಿಯೋ ಬಿಚ್ಚಿದ್ದು?"

ಯಂತ್ರ ಅವರ ಮುಖಕ್ಕೇ ಇನ್ನೂ ಜೋರಾಗಿ ಅರಚಿತು. ಅಮ್ಮ ಬೆಚ್ಚಿ ಹಿಂದಕ್ಕೆ ಹಾರಿದರು. ಸೊಸೆ ಕಿಸಕ್ಕೆಂದಳು. "ನಿಮ್ಮನ್ನೂ ಬಿಡಲಿಲ್ಲ ನೋಡಿ ಅತ್ತೆ!"

"ಇಷ್ಟು ವರ್ಷ ಒರೆಸಿ ಇಟ್ಟವಳಿಗೇ ಬೈಯುತ್ತಲ್ಲೇ ಇದು!" ಎಂದವರೇ ಅಮ್ಮನೂ ನಕ್ಕುಬಿಟ್ಟರು. "ಎಲ್ಲಿ, ಇಬ್ಬರೂ ಒಟ್ಟಿಗೆ ಹೋಗೋಣ ಬಾ. ಏನ್ಮಾಡುತ್ತೋ ನೋಡೋಣ."

ಅತ್ತೆ ಸೊಸೆಯರು ಕೈಕೈ ಹಿಡಿದು ಮೇಜಿನತ್ತ ಕಳ್ಳಹೆಜ್ಜೆ ಇಡತೊಡಗಿದರು. ಮದುವೆಯಾದಾಗಿನಿಂದ ಇಂಥದ್ದೊಂದನ್ನು ಅವನು ಕಂಡಿರಲಿಲ್ಲ. ಡಬ್ಬಿಯನ್ನು ಸದ್ದಾಗದಂತೆ ಕೆಳಗಿಟ್ಟು, ಕಾಲಿನಿಂದ ಮೇಜಿನಡಿಗೆ ತಳ್ಳಿದ.