ಬಾಟಲಿಯ ಮಳೆ

ತರಗತಿಯ ಪರದೆಯ ಮೇಲೆ, ವಿಡಿಯೊ ಕರೆಯಲ್ಲಿ, ಕೀನ್ಯಾದ ಶಾಲೆಯೊಂದರ ಮಕ್ಕಳು ಕಾಯುತ್ತಿದ್ದರು. ಭಾಗ್ಯಾಳ ಕೈಯಲ್ಲಿ ಮಳೆ ಅಳೆಯುವ ಬಾಟಲಿ ಖಾಲಿಯಿತ್ತು. ಎರಡೂ ಶಾಲೆಗಳ ಮಕ್ಕಳು ತಮ್ಮ ಅಂಗಳದ ಮಳೆ ಅಳೆದು ಒಂದೇ ಪಟ್ಟಿ ಮಾಡಬೇಕಿತ್ತು. ಭಾಗ್ಯಾಳ ಊರು ಕಳ್ಳಕವಟಗಿಗೆ ನಿನ್ನೆ ಕೊನೆಗೂ ಮಳೆ ಬಂದಿತ್ತು. ಅವಳು ಅಳೆಯುವ ಮೊದಲೇ ಅಜ್ಜಿ ಬಾಟಲಿಯಲ್ಲಿ ನಿಂತಿದ್ದ ನೀರನ್ನು ಆಡಿನ ಮರಿಗೆ ಕುಡಿಸಿಬಿಟ್ಟಿದ್ದಳು.

“ಎಷ್ಟ ಮಿಲಿಮೀಟರ್ ಆತು, ಹೇಳವಾ,” ಎಂದರು ಸುಭಾಷ ಸರ್.

“ಹನ್ನೆರಡ ಅನ್ನ ಬೇ. ಅವರೇನ ಇಲ್ಲಿಗೆ ಬಂದ ನೋಡ್ತಾರೇನ?” ಪಕ್ಕದ ಸುರೈಯಾ ಪಿಸುಗುಟ್ಟಿದಳು.

ಹನ್ನೆರಡು ಭಾಗ್ಯಾಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವಳು ಹೇಳಿದ್ದೇ ಬೇರೆ: “ಅಳೀಲಿಲ್ರಿ ಸರ್. ನಮ್ಮ ಆಯಿ ಅದನ್ನ ಮರಿಗೆ ಕುಡಿಸ್ಯಾಳ್ರಿ.”

ಸರ್ ಅದನ್ನು ಇದ್ದ ಹಾಗೆಯೇ ಕೀನ್ಯಾದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಪರದೆಯ ಆಚೆ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಲೆತಗ್ಗಿಸಿ ಬಂದು, ಅಲ್ಲಿನ ಕರಿಹಲಗೆಯ ಮೇಲೆ ತನ್ನ ಹೆಸರಿನ ಮುಂದಿದ್ದ ಮಳೆಯ ಅಂಕಿಯನ್ನು ಅಳಿಸಿದಳು.